ಬೀಗ ಹಾಕಿದವರು ಊರು ಕಟ್ಟಿದವರಲ್ಲ

ಅಕ್ಟೋಬರ ತಿಂಗಳು ಬಂತೆಂದರೆ ನಮ್ಮ ಬೈಲಹೊಂಗಲ ಸೀಮೆಯಲ್ಲಿ ಎಲ್ಲರಿಗೂ ಚೆನ್ನಮ್ಮನ ನೆನಪಾಗುತ್ತದೆ. 23ರಿಂದ 25ರವರೆಗೆ ಕಿತ್ತೂರಿನಲ್ಲಿ ಉತ್ಸವ. ಊರೂರಿನ ಶಾಲೆಗಳಲ್ಲಿ ಹುಡುಗಿಯರು ರಟ್ಟಿನ ಖಡ್ಗ ಹಿಡಿಯುತ್ತಾರೆ, ಅವ್ವಂದಿರ ಇಳಕಲ್ಲ ಸೀರೆಯನ್ನು ಕಚ್ಚೆ ಹಾಕಿ ಉಡುತ್ತಾರೆ. ಹುಡುಗರಲ್ಲಿ ಬೆಳ್ಳಗಿದ್ದ ಒಬ್ಬ ಬಡಪಾಯಿಯನ್ನು ಹಿಡಿದು, ಮುಖಕ್ಕೆ ಪೌಡರ ಬಳಿದು, ತಲೆಗೆ ಹ್ಯಾಟಿಟ್ಟು ಥ್ಯಾಕರೆ ಸಾಹೇಬನನ್ನಾಗಿ ಮಾಡುತ್ತಾರೆ. ಅವನು ಪ್ರತಿ ವರ್ಷ ಸಾಯುತ್ತಾನೆ. ನಾವು ಪ್ರತಿ ವರ್ಷ ಚಪ್ಪಾಳೆ ತಟ್ಟಿ, ಮನೆಗೆ ಬಂದು ರೊಟ್ಟಿ ಬಡಿಯಲು ಕೂಡುತ್ತೇವೆ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಸಮಾರಂಭ. ಹೆಣ್ಣುಮಕ್ಕಳೇ ಸೇರಿದ್ದ ಸಭೆ. ಮುಖ್ಯ ಅತಿಥಿಗಳಾಗಿ ಬಂದವರು ಓದಿದವರು, ನಾಲ್ಕು ಊರು ತಿರುಗಿದವರು. ಚೆನ್ನಮ್ಮನನ್ನು ಹೊಗಳಿದರು. ಹೊಗಳಿ ಮುಗಿದ ಮೇಲೆ ಧ್ವನಿ ತಗ್ಗಿಸಿ, ಮನೆಯೊಳಗಿನ ಮಾತು ಹೇಳುವವರ ಹಾಗೆ ಹೇಳಿದರು: "ಆದ್ರ ಒಂದು ಮಾತು ಒಪ್ಪಬೇಕ್ರಿ. ಸಾಹೇಬ್ರು ಬರೂಕಿಂತ ಮೊದಲ ಇಲ್ಲಿ ಏನಿತ್ತು? ಕಾಡಿತ್ತು, ಪುಂಡಪಾಳೇಗಾರ್ರು ಇದ್ರು. ಧಾರವಾಡ ಕಟ್ಟಿದವರು ಅವರು, ಬೆಳಗಾವಿ ಕಟ್ಟಿದವರು ಅವರು. ಶಿಸ್ತು ಅಂದ್ರೇನು ಅಂತ ನಮಗ ಕಲಿಸಿದವರು ಅವರು." ನನ್ನ ಪಕ್ಕದಲ್ಲಿ ಕುಳಿತ ನೆರೆಮನೆಯ ಅಕ್ಕ "ಖರೇನ ಅದ ನೋಡ್ರಿ" ಎಂದು ತಲೆ ಹಾಕಿದರು. ಸಭೆ ಚಪ್ಪಾಳೆ ತಟ್ಟಿತು. ಸುಳ್ಳೇಕೆ ಹೇಳಲಿ, ಕೈ ರೂಢಿಯಿಂದ ನಾನೂ ತಟ್ಟಿದೆ.

ಆ ಚಪ್ಪಾಳೆ ಅಂದಿನಿಂದ ನನ್ನ ಅಂಗೈಯಲ್ಲಿ ಉರಿಯುತ್ತಿದೆ. ಈ ಬರಹ ಅದಕ್ಕೆ ಮಾಡಿಕೊಂಡ ಪ್ರಾಯಶ್ಚಿತ್ತ ಎಂದು ತಿಳಿಯಿರಿ.

ಮೊದಲು ಊರು ಕಟ್ಟುವ ಮಾತನ್ನೇ ತೆಗೆದುಕೊಳ್ಳೋಣ. ಊರು ಕಟ್ಟುವುದೆಂದರೇನು? ಬಂಗಲೆ ಕಟ್ಟುವುದೆ? ಜೇಲು, ಕಚೇರಿ, ಕುದುರೆಲಾಯ ಕಟ್ಟುವುದೆ? ನಮ್ಮ ಹಿರಿಯರ ಲೆಕ್ಕದಲ್ಲಿ ಊರು ಕಟ್ಟುವುದೆಂದರೆ ಬಾವಿ ತೋಡುವುದು, ಕೆರೆಗೆ ಒಡ್ಡು ಹಾಕುವುದು, ಗುಡಿಗೆ ಭೂಮಿ ಬಿಡುವುದು, ವಾರಕ್ಕೊಂದು ಸಂತೆ ನಿಲ್ಲಿಸುವುದು, ಕುಂಬಾರ ಬಡಿಗ ಕಮ್ಮಾರ ಅಗಸರಿಗೆ ಕೂಡಲು ಜಾಗ ಮತ್ತು ತಿನ್ನಲು ಕಾಳು ಗೊತ್ತು ಮಾಡುವುದು. ಈ ಲೆಕ್ಕ ಹಿಡಿದರೆ ನಮ್ಮ ಭಾಗದ ಊರುಗಳಿಗೆ ಸಾಹೇಬರ ಹಂಗು ಏನೂ ಇಲ್ಲ.

ಸವದತ್ತಿಯನ್ನು ನೋಡಿರಿ. ನಾವು ಎಲ್ಲಮ್ಮನ ಜಾತ್ರೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿ ಬಿಡುವ ಈ ಊರು ಒಂದು ಕಾಲಕ್ಕೆ ಸುಗಂಧವರ್ತಿ. ರಟ್ಟರ ರಾಜಧಾನಿ. ಮುಂದೆ ರಟ್ಟರು ತಮ್ಮ ರಾಜಧಾನಿಯನ್ನು ವೇಣುಗ್ರಾಮಕ್ಕೆ, ಎಂದರೆ ಇಂದಿನ ಬೆಳಗಾವಿಗೆ ಒಯ್ದರು. ಅವರ ಮಂತ್ರಿ ಬೀಚಿರಾಜ ಅಲ್ಲಿಯ ಕೋಟೆಯೊಳಗೆ ಕಮಲ ಬಸದಿ ಕಟ್ಟಿಸಿದ್ದು 1204ರಲ್ಲಿ. ಇಂಗ್ಲಿಷರು ಆ ಕೋಟೆಯನ್ನು ಹಿಡಿದದ್ದು 1818ರ ಏಪ್ರಿಲ್ ತಿಂಗಳಲ್ಲಿ. ಆರುನೂರಕ್ಕೂ ಹೆಚ್ಚು ವರ್ಷ ಮೊದಲೇ ಬಸದಿ, ಕೋಟೆ, ಪೇಟೆ ಇದ್ದ ಊರನ್ನು ಕಟ್ಟಿದವರು ಅವರು ಹೇಗಾದರು? ಧಾರವಾಡದ ಮಾತೂ ಅಷ್ಟೆ. 1790-91ರಲ್ಲಿ ಮರಾಠರ ಸೈನ್ಯ ಟಿಪ್ಪುವಿನ ಕಡೆಯವರಿಂದ ಧಾರವಾಡ ಕೋಟೆಯನ್ನು ಗೆಲ್ಲಲು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೂತಿತ್ತು. ಬರಿ ಕಾಡಿಗೆ ಯಾರಾದರೂ ಮುತ್ತಿಗೆ ಹಾಕುತ್ತಾರೆಯೆ?

ಕಿತ್ತೂರಿನ ಮಗ್ಗುಲಲ್ಲಿಯೇ ದೇಗಾಂವಿ ಇದೆ. ಅಲ್ಲಿಯ ಕಮಲನಾರಾಯಣ ಗುಡಿಯನ್ನು ನೋಡದವರು ಒಮ್ಮೆ ಹೋಗಿ ನೋಡಿರಿ. 12ನೆಯ ಶತಮಾನದ ಗುಡಿ. ಕಟ್ಟಿದ ಶಿಲ್ಪಿ ತಿಪ್ಪೋಜ. ಕಟ್ಟಿಸಿದವಳು ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಈ ಸೀಮೆಯಲ್ಲಿ ಕಟ್ಟಿದವರ ಹೆಸರು ಕೇಳಿದರೆ ಒಬ್ಬ ಹೆಣ್ಣುಮಗಳ ಹೆಸರು ಕಲ್ಲಿನ ಮೇಲೆಯೇ ಸಿಗುತ್ತದೆ. ಅದನ್ನು ಬಿಟ್ಟು ನಮ್ಮ ಅತಿಥಿಗಳಿಗೆ ಸಾಹೇಬನ ಹೆಸರೇ ಮೊದಲು ನೆನಪಿಗೆ ಬಂತು.

ಇದು ನಮ್ಮ ಭಾಗದ ರೋಗವಷ್ಟೇ ಅಲ್ಲ. ಅಮೇರಿಕೆಗೆ ಹೋದ ಇಂಗ್ಲಿಷರು 1607ರಲ್ಲಿ ವರ್ಜೀನಿಯಾದಲ್ಲಿ ಜೇಮ್ಸ್‌ಟೌನ್ ಎಂಬ ಠಾಣೆ ಮಾಡಿದರು. ಕ್ಯಾಪ್ಟನ್ ಜಾನ್ ಸ್ಮಿತ್ ಅದರ ನಾಯಕನೆಂದು ಹೆಸರಾದ. ಆ ನೆಲದಲ್ಲಿ ಪೋಹಾಟನ್ ಜನ ಮೊದಲೇ ಜೋಳ ಬೆಳೆದುಕೊಂಡು, ಹಳ್ಳಿ ಮಾಡಿಕೊಂಡು ಇದ್ದರು. ಹೊಸಬರ ಹೊಟ್ಟೆ ಮೊದಲ ವರ್ಷಗಳಲ್ಲಿ ಆ ಜೋಳದಿಂದಲೇ ತುಂಬಿತು. ಆದರೂ ಪುಸ್ತಕದಲ್ಲಿ ಊರು ಹುಟ್ಟಿದ್ದು ಸಾಹೇಬ ಹಡಗಿನಿಂದ ಇಳಿದ ದಿನ. ಇನ್ನೊಬ್ಬರ ಅಡಿಗೆಮನೆಯೊಳಗೆ ಹೊಕ್ಕು, ಒಲೆಯ ಮೇಲಿದ್ದದ್ದನ್ನು ಉಂಡು, ಕೈ ತೊಳೆದುಕೊಳ್ಳುತ್ತ "ಈ ಮನೆಗೆ ಅಡಿಗೆ ಕಲಿಸಿದವನೇ ನಾನು" ಎಂದರೆ ನೀವು ಒಪ್ಪುವಿರಾ?

ಹಾಗಾದರೆ ಥ್ಯಾಕರೆ ಕಿತ್ತೂರಿಗೆ ಬಂದು ಮಾಡಿದ್ದೇನು?

ಸೇಂಟ್ ಜಾನ್ ಥ್ಯಾಕರೆ ಧಾರವಾಡದ ಮುಖ್ಯ ಕಲೆಕ್ಟರ, ಕಂಪನಿಯ ಪೊಲಿಟಿಕಲ್ ಏಜಂಟ. ಇಂಗ್ಲಿಷ್ ಕಾದಂಬರಿಗಳಿಂದ ಹೆಸರಾದ ಥ್ಯಾಕರೆಗೆ ಇವನು ಚಿಕ್ಕಪ್ಪ. ಪೇಶವೆಯ ಆಳಿಕೆ ಮುಗಿದಾಗ ಥಾಮಸ್ ಮನ್ರೋ ಈ ಭಾಗವನ್ನು ಗೆದ್ದು ಕಂಪನಿಯ ಕೈಗೆ ಕೊಟ್ಟಿದ್ದ. ಆಗ ಬೆಳಗಾವಿ ಕೋಟೆಯನ್ನು ಹಿಡಿಯಲು ಕಿತ್ತೂರಿನವರೇ ಇಂಗ್ಲಿಷರಿಗೆ ಸಹಾಯ ಮಾಡಿದ್ದರು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಪುಣೆಯವರ ಕಾಟ ತಪ್ಪಲಿ ಎಂದು ಅವರು ಹೊಸಬರ ಕೈ ಹಿಡಿದರು, ಒಪ್ಪಂದ ಮಾಡಿಕೊಂಡರು, ವರ್ಷವರ್ಷ ಕೊಡುವ ಹಣ ಕೊಡುತ್ತ ಬಂದರು. ನಾವೆಲ್ಲ 1961ರ ಸಿನೇಮಾದಲ್ಲಿ ಬಿ. ಸರೋಜಾದೇವಿಯವರನ್ನು ನೋಡಿ ಜಗಳ ಹುಟ್ಟಿದ್ದು ಕಪ್ಪದಿಂದ ಎಂದು ತಿಳಿದಿದ್ದೇವೆ. ಜಗಳ ಕಪ್ಪದ್ದಲ್ಲ ತಂಗಿ. ಜಗಳ ದತ್ತಕದ್ದು.

ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡ. ಗಾದಿಗೆ ಬಂದವನು ಶಿವಲಿಂಗರುದ್ರಸರ್ಜ, ಚೆನ್ನಮ್ಮನ ಸವತಿ ರುದ್ರಮ್ಮನ ಮಗ. ಅವನಿಗೆ ಮಕ್ಕಳಿರಲಿಲ್ಲ. ಜಡ್ಡು ಬಿದ್ದ ಮೇಲೆ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡು, ಧಾರವಾಡಕ್ಕೆ ಕಾಗದ ಬರೆದದ್ದಾಯಿತು. 1824ರ ಸೆಪ್ಟೆಂಬರದಲ್ಲಿ ಅವನು ತೀರಿಕೊಂಡ. ಕಲೆಕ್ಟರ ಸಾಹೇಬ ಕಾಗದ ನೋಡಿದ, ಸಹಿ ನೋಡಿದ, ಇದು ದೇಸಾಯಿಯ ಸಹಿ ಅಲ್ಲ ಎಂದ. ಸಾಯುತ್ತಿರುವವನ ಕೈ ನಡುಗುತ್ತದೆ ಎಂಬುದು ನಮ್ಮ ಮನೆಯ ಯಾವ ಹೆಣ್ಣುಮಗಳಿಗೂ ಗೊತ್ತು. ಸಾಹೇಬನಿಗೆ ಗೊತ್ತಿರಲಿಲ್ಲ, ಅಥವಾ ಗೊತ್ತು ಮಾಡಿಕೊಳ್ಳುವುದು ಬೇಕಿರಲಿಲ್ಲ. ನಮ್ಮ ಅಪ್ಪಣೆ ಇಲ್ಲದೆ ದತ್ತಕ ನಡೆಯದು ಎಂದ. ಕಿತ್ತೂರಿಗೆ ಬಂದ. ಖಜಾನೆಗೆ ಬೀಗ ಹಾಕಿ ಮೊಹರು ಒತ್ತಿದ. ತನ್ನ ಪಹರೆ ಇಟ್ಟ. ಕಾರಭಾರಕ್ಕೆ ತನಗೆ ಬೇಕಾದವರನ್ನು ನೇಮಿಸಿದ. ಮನೆಯಲ್ಲಿ ಸೂತಕ ಇನ್ನೂ ಆರಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿರಿ. ಈ ಮಾತನ್ನು ನೀವು ಮೊದಲು ಎಲ್ಲಿ ಕೇಳಿದ್ದೀರಿ?

ನಾನು ಕೇಳಿದ್ದು ರಾಮದುರ್ಗದಲ್ಲಿ, ನನ್ನ ಚಿಗವ್ವನ ಬಾಯಿಯಿಂದ. ಕಾಕಾ ತೀರಿಕೊಂಡ ಮೂರನೆಯ ದಿನ ಅವರ ಮನೆತನದ ಗಂಡಸರು ತಿಜೋರಿಗೆ ಬೀಗ ಹಾಕಿ ಕೀಲಿಕೈ ಒಯ್ದರು. "ಕೆಟ್ಟ ಕಾಲ ನೋಡವಾ, ಬಂದು ಹೋಗವರ ಮನಿ, ಯಾರರ ಕೈ ಹಾಕ್ಯಾರು" ಎಂದು ಸಮಾಧಾನ ಹೇಳಿದರು. ಕಾಯುವುದಕ್ಕಾಗಿ ಹಾಕಿದ ಬೀಗ ಮತ್ತೆ ತೆರೆಯಲಿಲ್ಲ. ಚಿಗವ್ವನಿಗೆ ಮಕ್ಕಳಿರಲಿಲ್ಲ. ತವರಿನ ಕಡೆಯ ಒಂದು ಕೂಸನ್ನು ಮಡಿಲಿಗೆ ಹಾಕಿಕೊಳ್ಳಬೇಕೆಂದು ಆಸೆಪಟ್ಟಳು. 1956ರ ಕಾಯಿದೆಯ ಪ್ರಕಾರ ವಿಧವೆ ತಾನೇ ದತ್ತಕ ತೆಗೆದುಕೊಳ್ಳಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಚಿಗವ್ವ ಕೇಳಲು ಹೋದ ಕಚೇರಿಯಲ್ಲಿ ಕೂತವನು ಮುಖ ಎತ್ತದೆ, "ಮೈದುನನ ಸಹಿ ತಗೊಂಡು ಬಾರವಾ" ಎಂದು ಹೇಳಿ ಕಳಿಸಿದ. ಮೈದುನ ಸಹಿ ಹಾಕುತ್ತಾನೆಯೆ? ಹಿಂದಿನ ಕೋಣೆಯಲ್ಲಿ ಒಂದು ಒಲೆ, ತಿಂಗಳಿಗಿಷ್ಟು ಜೋಳ, ಇಷ್ಟರಲ್ಲಿಯೇ ಅವಳ ಬಾಳು ಮುಗಿಯಿತು. ಒಮ್ಮೆ ನಾನು ಹುರುಪಿನಿಂದ ಚೆನ್ನಮ್ಮನ ಮಾತು ತೆಗೆದಾಗ ಅವಳು ಹೇಳಿದ್ದು ಇಷ್ಟೆ: "ಆಕಿಗೆ ಕ್ವಾಟಿ ಇತ್ತು, ತ್ವಾಪು ಇತ್ತು, ಮಂದಿ ಇದ್ರು. ನನಗ ಏನೈತಿ ಮಗಳ?"

ಅಂದಿನಿಂದ ನನಗೆ ಚೆನ್ನಮ್ಮನ ಕಥೆ ಬೇರೆಯಾಗಿ ಕಾಣುತ್ತದೆ. ಖಡ್ಗಕ್ಕಿಂತ ಮೊದಲು ಅಲ್ಲಿ ಒಂದು ಬೀಗ ಇತ್ತು. ಗಂಡಸಿಲ್ಲದ ಮನೆಗೆ ಹೊರಗಿನವನು ಬಂದು, ಕಾಯುತ್ತೇನೆ ಎಂದು ಹೇಳಿ, ಹಾಕಿದ ಬೀಗ. ನಮ್ಮ ಓಣಿಯ ಎಷ್ಟು ಮನೆಗಳಲ್ಲಿ ಇಂಥ ಥ್ಯಾಕರೆಗಳು ಬಂದು ಹೋಗಿಲ್ಲ, ಎಣಿಸಿ ನೋಡಿರಿ. ಅವರಿಗೆ ಹ್ಯಾಟು ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಚೆನ್ನಮ್ಮ ಮೊದಲು ಹಿಡಿದದ್ದೂ ಖಡ್ಗವನ್ನಲ್ಲ. ಕಾಗದ ಬರೆಸಿದಳು, ಅರ್ಜಿ ಕಳಿಸಿದಳು, ಮೇಲಿನವರಿಗೆ ಮೊರೆಯಿಟ್ಟಳು. ಎಂಟು ವರ್ಷದಿಂದ ವಿಧವೆಯಾಗಿದ್ದ ಹೆಂಗಸು, ಹೊಟ್ಟೆಯಲ್ಲಿ ಹುಟ್ಟಿದ ಮಗನಿಗಾಗಿ ಅಲ್ಲ, ಸವತಿಯ ಮಗ ಮಡಿಲಿಗೆ ಹಾಕಿ ಹೋದ ಹುಡುಗನಿಗಾಗಿ ನಿಂತಳು. ಸವತಿಯರೆಂದರೆ ಕಚ್ಚಾಡುವವರು ಎಂದು ನಮ್ಮ ಹಾಡುಗಳು ಹೇಳುತ್ತವೆ, ಕಿತ್ತೂರಿನ ಅರಮನೆ ಹಾಗೆ ಹೇಳುವುದಿಲ್ಲ. ಕೊನೆಗೆ 1824ರ ಅಕ್ಟೋಬರ 23ರಂದು ಕೋಟೆಯ ಬಾಗಿಲು ಮುಚ್ಚಿತು. ಥ್ಯಾಕರೆ ಬಾಗಿಲಿಗೆ ತೋಪು ಹಚ್ಚಿ, ತೆಗೆಯಲು ನಿಮಿಷ ಎಣಿಸಿ ಗಡುವು ಕೊಟ್ಟ. ಬಾಗಿಲು ತೆರೆಯಿತು, ಆದರೆ ಅವನು ಎಣಿಸಿದಂತೆ ಅಲ್ಲ. ಗುರುಸಿದ್ದಪ್ಪನ ಮಂದಿ ಹೊರಗೆ ನುಗ್ಗಿದರು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಅವನ ಕೈಕೆಳಗಿನ ಎಲಿಯಟ್ ಮತ್ತು ಸ್ಟೀವನ್ಸನ್ ಎಂಬ ಇಬ್ಬರು ಸೆರೆ ಸಿಕ್ಕರು. ಕಿತ್ತೂರಿನವರು ಅವರನ್ನು ಕೊಲ್ಲಲಿಲ್ಲ. ಡಿಸೆಂಬರ ಮೊದಲಲ್ಲಿ ಬಿಟ್ಟು ಕಳಿಸಿದರು. ಬಿಟ್ಟ ಮೇಲೆಯೂ ಕಂಪನಿಯ ದೊಡ್ಡ ಸೈನ್ಯ ಬಂತು, ಡಿಸೆಂಬರ 5ಕ್ಕೆ ಕೋಟೆ ಬಿತ್ತು. ಆ ಕಾಳಗದಲ್ಲಿ ಮನ್ರೋನ ಬಂಧು, ಸೊಲ್ಲಾಪುರದ ಸಬ್ ಕಲೆಕ್ಟರನೂ ಸತ್ತ. ಬೀಗ ಹಾಕಿದ್ದ ಖಜಾನೆಯಿಂದ ಕಂಪನಿಗೆ ಸಿಕ್ಕದ್ದು ಸುಮಾರು 15 ಲಕ್ಷ ರೂಪಾಯಿ ಎಂದು ಬರೆದಿದ್ದಾರೆ. ಕಾಯಲಿಕ್ಕೆ ಹಾಕಿದ ಬೀಗ ಎಂಬುದನ್ನು ಮರೆಯಬೇಡಿರಿ.

ಬಿಡುಗಡೆಯಾಗಿ ಹೋದ ವಾಲ್ಟರ್ ಎಲಿಯಟ್‌ನ ಮುಂದಿನ ಕಥೆ ಸ್ವಾರಸ್ಯದ್ದು. ಅವನು ನಮ್ಮ ಭಾಗದ ಊರೂರು ತಿರುಗಿಸಿ ನೂರಾರು ಹಳಗನ್ನಡ ಶಾಸನಗಳ ನಕಲು ಮಾಡಿಸಿದ. ಚಾಲುಕ್ಯರ ಚರಿತ್ರೆಯನ್ನು ಹೊರಗಿನವರಿಗೆ ಮೊದಲು ತಿಳಿಸಿದವರಲ್ಲಿ ಅವನೂ ಒಬ್ಬ. ಇಲ್ಲಿಯ ಕಲ್ಲು ಕಲ್ಲಿನಲ್ಲಿ ಸಾವಿರ ವರ್ಷದ ಊರು, ಕೆರೆ, ಅಗ್ರಹಾರ, ಸಂತೆಗಳ ಲೆಕ್ಕ ಇದೆ ಎಂದು ತೋರಿಸಿದವನು ಕಿತ್ತೂರಿನವರು ಜೀವ ಉಳಿಸಿ ಕಳಿಸಿದ ಈ ಸಾಹೇಬನೇ. ಸಾಹೇಬರು ಬರುವ ಮೊದಲು ಇಲ್ಲಿ ಏನೂ ಇರಲಿಲ್ಲ ಎನ್ನುವವರು ಕನಿಷ್ಠ ಸಾಹೇಬನ ಮಾತನ್ನಾದರೂ ನಂಬಬೇಕು.

ಇನ್ನು ನಮ್ಮ ಬೈಲಹೊಂಗಲ. ಇಲ್ಲಿಯೂ ಕಂಪನಿ ಸರಕಾರ ಒಂದು ಮನೆ ಮಾಡಿತು, ಚೆನ್ನಮ್ಮನಿಗಾಗಿ ಸೆರೆಮನೆ. ಅವಳ ಜೊತೆ ಶಿವಲಿಂಗರುದ್ರಸರ್ಜನ ಎಳೆಯ ಹೆಂಡತಿ ವೀರಮ್ಮನೂ ಇದ್ದಳು. ವೀರಮ್ಮನ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. 1829ರ ಫೆಬ್ರುವರಿಯಲ್ಲಿ ಚೆನ್ನಮ್ಮ ಈ ಊರಿನಲ್ಲಿಯೇ ಕಣ್ಣು ಮುಚ್ಚಿದಳು. ಅದೇ ದತ್ತಕ ಹುಡುಗನನ್ನು ಗಾದಿಗೆ ಕೂಡಿಸಬೇಕೆಂದು ಸಂಗೊಳ್ಳಿ ರಾಯಣ್ಣ ಬಂಡೆದ್ದ. 1831ರ ಜನೇವರಿಯಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೆ ಹಾಕಿದರು. ಒಂದು ಸಹಿಯನ್ನು ಒಪ್ಪದೆ ಹೋದುದಕ್ಕೆ ಇಷ್ಟು ಹೆಣ ಬಿದ್ದವು.

ಒಂದು ಊರಿನಲ್ಲಿ ಆದ ತಪ್ಪು ಎಂದು ಬಿಡೋಣವೆಂದರೆ ಅದೂ ಸಾಧ್ಯವಿಲ್ಲ. ನರಗುಂದದ ಬಾಬಾಸಾಹೇಬನಿಗೂ ದತ್ತಕಕ್ಕೆ ಅಪ್ಪಣೆ ಸಿಗಲಿಲ್ಲ. 1858ರ ಮೇ ತಿಂಗಳ ಕೊನೆಗೆ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ ಮ್ಯಾನ್ಸನ್ ಅವನ ಕೈಯಲ್ಲಿ ಸತ್ತ. ಜೂನ್ 12ಕ್ಕೆ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಬಿದ್ದು ಪ್ರಾಣ ಬಿಟ್ಟರು. ಗಂಡಸರ ಹೆಸರಿಗೆ ಪೋವಾಡ ಹುಟ್ಟಿತು, ಹೊಳೆಗೆ ಬಿದ್ದ ಅತ್ತೆ ಸೊಸೆಯರ ಹೆಸರು ಹೊಳೆಯೊಂದಿಗೆ ಹೋಯಿತು.

ದತ್ತಕ ಒಪ್ಪಿದ್ದರೆ ಏನಾಗುತ್ತಿತ್ತು ಎಂದು ಯಾರಾದರೂ ಕೇಳಿದರೆ ಸವದತ್ತಿ ತಾಲೂಕಿನ ಸಿರಸಂಗಿಯನ್ನು ತೋರಿಸಿರಿ. ಶಿಗ್ಲಿಯ ಮಡ್ಲಿ ಮನೆತನದ ಹುಡುಗನೊಬ್ಬ 1872ರಲ್ಲಿ ಸಿರಸಂಗಿ ದೇಸಗತಿಗೆ ದತ್ತಕ ಬಂದು ಲಿಂಗರಾಜನಾದ. ಒಳಗಿನವರ ವ್ಯಾಜ್ಯ, ಕೋರ್ಟು ಕಚೇರಿ ಎಲ್ಲ ಆದವು. ಆದರೂ ದತ್ತಕ ನಿಂತಿತು. ಮಕ್ಕಳಿಲ್ಲದ ಆ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಆಸ್ತಿಯನ್ನೆಲ್ಲ ಹುಡುಗರ ವಿದ್ಯೆಗೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜಿನ ಹೆಸರು ಅವರದೇ. ಕಟ್ಟುವುದೆಂದರೆ ಇದು. ಬಾಡಿಗೆಯ ಕೋಣೆಯಲ್ಲಿ ಚಿಮಣಿ ದೀಪ ಹಚ್ಚಿ ಓದಿದ ಎಷ್ಟೋ ಮಂದಿ ಆ ದುಡ್ಡಿನಿಂದ ಮೇಲೆ ಬಂದರು.

"ಹಾಗಾದ್ರ ಇಂಗ್ಲಿಷರು ಒಳ್ಳೇದು ಏನೂ ಮಾಡಲಿಲ್ಲೇನ್ರಿ?" ಎಂದು ನೀವು ಕೇಳಬಹುದು. ಕೇಳಲೇಬೇಕು. ಸಾಲಿ ತೆಗೆದರು, ರಸ್ತೆ ಮಾಡಿದರು, ಭೂಮಿ ಅಳೆದು ದಪ್ತರ ಇಟ್ಟರು. 1829ರಲ್ಲಿಯೇ ಸತಿ ಹೋಗುವುದನ್ನು ಬಂದು ಮಾಡುವ ಕಾಯಿದೆ ತಂದರು. ನಮ್ಮವರೇ ಎಷ್ಟೋ ಹೆಣ್ಣುಮಕ್ಕಳನ್ನು ಸುಟ್ಟಿದ್ದಾರೆ, ಆ ಕಾಯಿದೆಗೆ ಕೈ ಮುಗಿಯದಿರಲು ನನ್ನಿಂದ ಆಗದು. ಆದರೆ ವಿಧವೆಯನ್ನು ಚಿತೆಯಿಂದ ಉಳಿಸಿದ ವರ್ಷವೂ, ಒಬ್ಬ ವಿಧವೆ ಬೈಲಹೊಂಗಲದ ಸೆರೆಯಲ್ಲಿ ಸತ್ತ ವರ್ಷವೂ ಒಂದೇ ಎಂಬುದನ್ನು ಕಣ್ಣು ಬಿಟ್ಟು ನೋಡಬೇಕು. ಜೀವ ಇರಲಿ, ಆಸ್ತಿ ಮಾತ್ರ ಕೇಳಬೇಡ, ಇದು ಅವರ ನ್ಯಾಯ. 1856ರಲ್ಲಿ ವಿಧವಾ ವಿವಾಹದ ಕಾಯಿದೆ ಬಂತು, ಒಳ್ಳೆಯದಾಯಿತು. ಅದೇ ಕಾಯಿದೆಯೊಳಗೆ ಮರುಮದುವೆಯಾದವಳಿಗೆ ಮೊದಲ ಗಂಡನ ಆಸ್ತಿಯಲ್ಲಿ ಹಕ್ಕು ಉಳಿಯುವುದಿಲ್ಲ ಎಂದೂ ಬರೆದಿದ್ದರು. ಇನ್ನೊಂದು ಮಾತು. ಗಂಡನ ಅಪ್ಪಣೆಯ ಕಾಗದವಿಲ್ಲದೆಯೂ ವಿಧವೆ ದತ್ತಕ ತೆಗೆದುಕೊಳ್ಳಬಹುದು ಎಂಬ ನಮ್ಮ ಕಡೆಯ ಪದ್ಧತಿಯನ್ನು ಮುಂದೆ ಮುಂಬಯಿ ಪ್ರಾಂತದ ಇಂಗ್ಲಿಷ್ ಕೋರ್ಟುಗಳೇ ಒಪ್ಪಿದವು. ಕಿತ್ತೂರು ಸುಟ್ಟು ಬೂದಿಯಾದ ಮೇಲೆ ಒಪ್ಪಿದರೆ ಯಾರಿಗೆ ಉಪಯೋಗ?

ಸಾಹೇಬರನ್ನು ಬೈದು ಕೂಡುವುದು ಸುಲಭ. ಅವರು ಹೋಗಿ ಎಷ್ಟೋ ಕಾಲವಾಯಿತು, ತಿರುಗಿ ಬೈಯಲು ಬರುವುದಿಲ್ಲ. ನನ್ನ ನಿಜವಾದ ತಕರಾರು ನಮ್ಮ ಮೇಲೆಯೇ ಇದೆ. ಅದನ್ನು ನನ್ನಿಂದಲೇ ಆರಂಭಿಸುತ್ತೇನೆ.

2007ರಲ್ಲಿ ನಾವು ಅಕ್ಕತಂಗಿಯರು ಮೂವರೂ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಮಾಡಿದೆವು. ಅಪ್ಪ ತೀರಿಕೊಂಡಿದ್ದರು, ಎರೆಹೊಲದ ಉತಾರಿಯಲ್ಲಿ ವಾರಸಾ ಏರಿಸಬೇಕಿತ್ತು. ಅಣ್ಣ ಫೋನ್ ಮಾಡಿ "ಒಂದೀಟು ಬಂದು ಹೋಗ್ರಿ" ಎಂದ. ಹೋದೆವು. ವೈನಿ ಹೋಳಿಗೆ ಮಾಡಿದ್ದರು. ಕಾಗದದಲ್ಲಿ ಏನು ಬರೆದಿದೆ ಎಂದು ನಾವು ಓದಲಿಲ್ಲ. ನಾನು ಬಿ.ಎ. ಓದಿದವಳು, ಆದರೂ ಓದಲಿಲ್ಲ. ಓದುವುದೇ ಅಣ್ಣನಿಗೆ ಅವಮಾನ ಎಂದು ನನಗೆ ಅನಿಸಿತು. ಸಹಿ ಮಾಡಿದ ಮೇಲೆ ವೈನಿ ಮೂವರಿಗೂ ಅರಿಷಿಣ ಕುಂಕುಮ ಹಚ್ಚಿ, ಒಂದೊಂದು ಸೀರೆ, ಒಂದೊಂದು ಖಣ ಕೊಟ್ಟು ಉಡಿ ತುಂಬಿದರು. ಸಂಜೆಯ ಬಸ್ಸಿಗೆ ತಿರುಗಿ ಬಂದೆವು. ಅದೇ ವರ್ಷ ಸೆಪ್ಟೆಂಬರ 11ರಂದು ದಿಲ್ಲಿಯ ಸಂಸತ್ತಿನ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ ನಿಂತಿತು. ನಾವು ಟೀವ್ಹಿಯಲ್ಲಿ ನೋಡಿ ಹಿಗ್ಗಿದೆವು. ಸಹಿ ಮಾಡುವ ಮೊದಲು ಮನೆ ಯಾರದು ಎಂದು ಕೇಳಿದ ಹೆಂಗಸಿನ ಪ್ರತಿಮೆಯನ್ನು, ಕೇಳದೆ ಸಹಿ ಮಾಡಿದ ನಾವು ನೋಡಿ ಹಿಗ್ಗಿದೆವು!

ಅಣ್ಣನನ್ನು ನಾನು ಬೈಯುತ್ತಿಲ್ಲ. ಪಂಚಮಿಗೆ ತಪ್ಪದೆ ಕರೆಯಲು ಬರುತ್ತಾನೆ. ಕೇಳಿದ್ದರೆ ಒಂದು ಪಾಲು ಕೊಡುತ್ತಿದ್ದನೋ ಏನೋ, ನಾನು ಕೇಳಲೇ ಇಲ್ಲ. ಏಕೆ ಕೇಳಲಿಲ್ಲ ಎಂದರೆ ನಿಮಗೆಲ್ಲ ಗೊತ್ತಿರುವ ಕಾರಣವೇ. ಪಾಲು ಕೇಳಿದ ಮಗಳಿಗೆ ತವರಿನ ಬಾಗಿಲು ಮುಚ್ಚುತ್ತದೆ. ಹೊಲ ಹೋದರೆ ಹೋಗಲಿ, ಪಂಚಮಿಯ ಜೋಕಾಲಿ ಉಳಿಯಲಿ ಎಂದು ನಾವು ಲೆಕ್ಕ ಹಾಕುತ್ತೇವೆ. ಈ ಹೆದರಿಕೆಯನ್ನು ನಮ್ಮೊಳಗೆ ಇಟ್ಟವರು ಇಂಗ್ಲಿಷರಲ್ಲ. ಥ್ಯಾಕರೆ ತೋಪು ತರಬೇಕಾಯಿತು, ನಮ್ಮವರಿಗೆ ಒಂದು ಹೋಳಿಗೆ ಊಟ ಸಾಕು.

ಕಾಯಿದೆ ಈಗ ನಮ್ಮ ಕಡೆಗಿದೆ ಎಂಬುದನ್ನಾದರೂ ತಿಳಿದಿರಿ. ನಮ್ಮ ರಾಜ್ಯದಲ್ಲಿ 1994ರಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮ ಪಾಲು ಬಂತು, ಆ ಹೊತ್ತಿಗೆ ಮದುವೆಯಾಗಿದ್ದವರನ್ನು ಬಿಟ್ಟು. 2005ರಲ್ಲಿ ಇಡೀ ದೇಶಕ್ಕೆ ಬಂತು, ಮದುವೆಯಾದವರಿಗೂ ಬಂತು. ಅಪ್ಪ ಅದಕ್ಕಿಂತ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟದಲ್ಲಿ ಹೇಳಿತು. ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಪಡೆದು ತನ್ನ ಹೆಸರಿನಿಂದ ದತ್ತಕ ತೆಗೆದುಕೊಳ್ಳುವ ಹಕ್ಕು ಬಂದದ್ದು 2010ರಲ್ಲಿ. ಕಿತ್ತೂರಿನ ಜಗಳ ಹುಟ್ಟಿ 186 ವರ್ಷದ ಮೇಲೆ! ಇಷ್ಟು ತಡವಾಗಿ ಬಂದ ಹಕ್ಕನ್ನು ಒಂದು ಖಣಕ್ಕೆ ಬಿಟ್ಟುಕೊಡುವ ನಾವು, ಸಾಹೇಬರು ನಮಗೆ ಶಿಸ್ತು ಕಲಿಸಿದರು ಎಂಬ ಭಾಷಣಕ್ಕೆ ಚಪ್ಪಾಳೆ ತಟ್ಟಿದ್ದರಲ್ಲಿ ಏನೂ ಆಶ್ಚರ್ಯವಿಲ್ಲ. ಬೀಗ ಹಾಕಿದವನನ್ನು ಯಜಮಾನನೆಂದು ಕರೆಯುವುದು ನಮಗೆ ಮನೆಯಲ್ಲಿಯೇ ರೂಢಿಯಾಗಿದೆ. ಮನೆಯ ರೂಢಿಯೇ ಚರಿತ್ರೆಯ ಪುಸ್ತಕಕ್ಕೂ ಹೋಗುತ್ತದೆ.

ಧಾರವಾಡದಲ್ಲಿ ಥ್ಯಾಕರೆಯ ನೆನಪಿನ ಕಲ್ಲಿನ ಕಂಬವಿದೆ. ಅದನ್ನು ಕೆಡವಿರಿ ಎಂದು ನಾನು ಹೇಳುವುದಿಲ್ಲ. ಸತ್ತವನಿಗೂ ತಾಯಿತಂದೆ ಇದ್ದರು, ಮೂವತ್ತಮೂರರ ಪ್ರಾಯದ ಹುಡುಗ. ಕಂಬ ಇರಲಿ. ಅವನು ಊರು ಕಟ್ಟಿದವ ಎಂದು ಮಾತ್ರ ಹೇಳಬೇಡಿರಿ. ಅವನು ಒಂದು ವಿಧವೆಯ ಮನೆಗೆ ಬೀಗ ಹಾಕಲು ಹೋಗಿ ಸತ್ತವ. ಚೆನ್ನಮ್ಮನನ್ನು ಕುದುರೆಯ ಮೇಲಿಂದ ಇಳಿಸಿರಿ ಎಂದೂ ನಾನು ಹೇಳುವುದಿಲ್ಲ. ಕುದುರೆ ಅವಳಿಗೆ ಒಪ್ಪುತ್ತದೆ. ಆದರೆ ಕುದುರೆ ಏರುವ ಮೊದಲು ಅವಳು ಏನು ಕೇಳಿದಳು ಎಂಬುದನ್ನು ನಮ್ಮ ಹುಡುಗಿಯರಿಗೆ ಹೇಳಿಕೊಡಿರಿ. ಖಡ್ಗದ ಪ್ರಸಂಗ ನಮ್ಮ ಬಾಳಿನಲ್ಲಿ ಬರುವುದಿಲ್ಲ, ಸಹಿಯ ಪ್ರಸಂಗ ಪ್ರತಿಯೊಬ್ಬಳ ಬಾಳಿನಲ್ಲಿಯೂ ಬರುತ್ತದೆ.

ಕಳೆದ ಅಕ್ಟೋಬರದಲ್ಲಿ ನೆರೆಮನೆಯ ಹುಡುಗಿ ತನ್ನ ಮಾತು ಬಾಯಿಪಾಠ ಮಾಡಿಸಿರಿ ಎಂದು ಬಂದಳು. ಈ ಸಲ ಅವಳೇ ಚೆನ್ನಮ್ಮ. ಹಾಳೆಯಲ್ಲಿದ್ದ ಕಪ್ಪದ ಮಾತೆಲ್ಲ ಗಡಗಡನೆ ಹೇಳಿದಳು. ಆಮೇಲೆ ನಾನು ಇನ್ನೊಂದು ಮಾತು ಸೇರಿಸಲು ಹೇಳಿದೆ: "ಇದು ನನ್ನ ಮನಿ, ಬೀಗ ತಗಿ."

"ಇದು ನಮ್ಮ ಸರ್ ಕೊಟ್ಟ ಹಾಳ್ಯಾಗ ಇಲ್ಲಲ್ರಿ ದೊಡ್ಡಮ್ಮ?" ಎಂದಳು.

"ಇಲ್ಲ ಮಗಳ, ಬರಿಯೂದು ಬಿಟ್ಟಾರ. ನೀ ಹೇಳು" ಎಂದೆ.

ಹೇಳಿದಳು. ಮೊದಲ ಸಲ ಸಣ್ಣ ದನಿಯಲ್ಲಿ ಹೇಳಿದಳು. ಎರಡನೆಯ ಸಲ ಅಡಿಗೆಮನೆಯಲ್ಲಿದ್ದ ನಮ್ಮ ಮನೆಯವರಿಗೂ ಕೇಳಿಸಿತು. "ಯಾರು ಬೀಗ ಹಾಕ್ಯಾರ?" ಎನ್ನುತ್ತ ಚಹಾದ ಕಪ್ಪು ಹಿಡಿದುಕೊಂಡು ಹೊರಗೆ ಬಂದರು.